ಚರ್ಮದ ಗುರುತೇ ಉಳಿಯದ ಚಿತ್ರಗಳು: ಒಂದು ವಯಸ್ಕರ ತಾಣದ ಫೋಟೋ ವಿಭಾಗ

ತಿಂಗಳ ಚಂದಾ ಪಡೆದು ವಯಸ್ಕರಿಗೆ ನಗ್ನ ಛಾಯಾಚಿತ್ರಗಳನ್ನೂ ವಿಡಿಯೊಗಳನ್ನೂ ಒದಗಿಸುವ ಒಂದು ಜಾಲತಾಣದ ಫೋಟೋ ವಿಭಾಗವನ್ನು ಕುರಿತ ವಿಮರ್ಶೆ ಇದು. ತಾಣದ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ನಾನು ಎತ್ತುತ್ತಿರುವ ದೂರು ಆ ಒಂದು ತಾಣಕ್ಕೆ ಸೀಮಿತವಾದುದಲ್ಲ. ಅದೇ ದರ್ಜೆಯ ಬೇರೆ ತಾಣಗಳ ಚಂದಾದಾರರೂ ಇದೇ ಮಾತನ್ನು ಹೇಳುತ್ತ ಬಂದಿದ್ದಾರೆ. ಈ ತಾಣವು ಸೇರಲು ಬರುವವರ ಮುಂದೆ ಎರಡು ಭರವಸೆಗಳನ್ನು ಇಡುತ್ತದೆ. ರೂಪದರ್ಶಿಯರು ಸಹಜ ಚೆಲುವಿನವರು ಎಂಬುದು ಮೊದಲನೆಯದು, ಚಿತ್ರಗಳು ಅತಿ ಹೆಚ್ಚಿನ ರೆಸಲ್ಯೂಷನ್ನಿನವು, ಅಂದರೆ ಹಿಗ್ಗಿಸಿ ನೋಡಿದರೂ ಸೂಕ್ಷ್ಮ ವಿವರ ಕಾಣುವಂಥವು, ಎಂಬುದು ಎರಡನೆಯದು. ವಿಡಿಯೊ ವಿಭಾಗದಲ್ಲಿ ಇವೆರಡೂ ಬಹುಮಟ್ಟಿಗೆ ನಿಜವಾಗಿವೆ. ಫೋಟೋ ವಿಭಾಗದಲ್ಲಿ ಎರಡೂ ಸುಳ್ಳಾಗಿವೆ, ಮತ್ತು ಎರಡಕ್ಕೂ ಕಾರಣ ಒಂದೇ: ಚಿತ್ರ ತೆಗೆದ ಮೇಲೆ ಕಂಪ್ಯೂಟರಿನಲ್ಲಿ ಮಿತಿಮೀರಿ ಮಾಡುವ ರೀಟಚಿಂಗ್, ಅಂದರೆ ತಿದ್ದುವ ಕೆಲಸ.

ಚಿತ್ರಗಳನ್ನು ಮೊಬೈಲಿನ ಪರದೆಯಲ್ಲಿ ಬೆರಳಿನಿಂದ ಸರಿಸುತ್ತ ನೋಡುವವರಿಗೆ ಇದು ಕೂಡಲೇ ಗೊತ್ತಾಗುವುದಿಲ್ಲ. ಚಿತ್ರವನ್ನು ಪೂರ್ಣ ಅಳತೆಯಲ್ಲಿ ತೆರೆದು, ಒಂದು ಪಿಕ್ಸೆಲ್ಲಿಗೆ ಪರದೆಯ ಒಂದು ಪಿಕ್ಸೆಲ್ ಬರುವಂತೆ ಇಟ್ಟು ನೋಡಿದಾಗ ನಿಜಸ್ಥಿತಿ ಕಾಣುತ್ತದೆ. ಕೆನ್ನೆಯ ಮೇಲೆ ಒಂದೇ ಒಂದು ರೋಮರಂಧ್ರವಿಲ್ಲ. ಮೇಲ್ದುಟಿಯ ಮೇಲೂ ಮುಂಗೈ ಮೇಲೂ ಎಲ್ಲ ಮನುಷ್ಯರಿಗೆ ಇರುವ ನವಿರಾದ ಕೂದಲಿಲ್ಲ. ಮಂಡಿ ಮಡಿಸಿದಾಗ ಹಿಂಬದಿಯಲ್ಲಿ ಬೀಳಬೇಕಾದ ನೆರಿಗೆಯಿಲ್ಲ. ಕುಳಿತಾಗ ಹೊಟ್ಟೆಯ ಮೇಲೆ ಎಂಥ ತೆಳ್ಳಗಿನವರಿಗೂ ಮೂಡುವ ಮಡಿಕೆಯಿಲ್ಲ. ಬೆರಳುಗಳ ಗೆಣ್ಣುಗಳ ಮೇಲೆ ಚರ್ಮ ಸೇರಿ ಸುಕ್ಕಾಗುವ ಜಾಗ ನುಣ್ಣಗೆ ಒರೆಸಿಹೋಗಿದೆ. ಅಂಗಾಲು ಕಾಣುವ ಚಿತ್ರಗಳಲ್ಲಿ ಅಂಗಾಲಿನ ಗೆರೆಗಳೂ ಹಿಮ್ಮಡಿಯ ಒರಟುತನವೂ ಮಾಯವಾಗಿ, ಕಾಲಿನ ಆಕಾರದ ಒಂದೇ ಬಣ್ಣದ ಹರವು ಉಳಿದಿರುತ್ತದೆ. ಇಷ್ಟಾದರೂ ಕಣ್ರೆಪ್ಪೆ, ತಲೆಗೂದಲು, ಹಾಸಿಗೆಯ ಬಟ್ಟೆಯ ನೇಯ್ಗೆ ಮಾತ್ರ ಎಳೆ ಎಳೆಯಾಗಿ ಸ್ಪಷ್ಟವಾಗಿ ಕಾಣುತ್ತವೆ. ಮಲಗಿರುವವಳ ಮೈಗಿಂತ ಅವಳ ಕೆಳಗಿನ ಹೊದಿಕೆಯಲ್ಲಿ ಹೆಚ್ಚು ವಿವರ ಇರುವ ಚಿತ್ರವನ್ನು ವ್ಯಕ್ತಿಯೊಬ್ಬಳ ಚಿತ್ರವೆಂದು ಮಾರುವುದು ಹೇಗೆ ಸರಿ ಎಂಬುದೇ ಗ್ರಾಹಕರ ಮೂಲ ಪ್ರಶ್ನೆ.

ಹೀಗೆ ಆಗುವುದು ಏಕೆ ಎಂದು ತಿಳಿಯಲು ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ನೋಡಬೇಕು. ಚರ್ಮ ಕಣ್ಣಿಗೆ ಚರ್ಮವಾಗಿ ಕಾಣುವುದಕ್ಕೆ ಬೆಳಕು ಅದರೊಡನೆ ಎರಡು ರೀತಿಯಲ್ಲಿ ವರ್ತಿಸುವುದು ಕಾರಣ. ಬೆಳಕಿನ ಒಂದು ಪಾಲು ಮೇಲ್ಪದರದ ಎಣ್ಣೆಪಸೆಯಿಂದ ನೇರವಾಗಿ ಪ್ರತಿಫಲಿಸುತ್ತದೆ. ಇನ್ನೊಂದು ಪಾಲು ಒಳಗೆ ಇಳಿದು, ಚದುರಿ, ಸ್ವಲ್ಪ ಆಚೆಯಿಂದ ಹೊರಬರುತ್ತದೆ. ರೋಮರಂಧ್ರಗಳೂ ಸೂಕ್ಷ್ಮವಾದ ಗೆರೆಗಳೂ ಮೇಲ್ಪದರದ ಪ್ರತಿಫಲನವನ್ನು ಸಾವಿರಾರು ಸಣ್ಣ ಹೊಳಪುಗಳಾಗಿ ಮತ್ತು ಸಣ್ಣ ನೆರಳುಗಳಾಗಿ ಒಡೆಯುತ್ತವೆ. ಆ ಹೊಳಪು ನೆರಳುಗಳನ್ನು ಒರೆಸಿಬಿಟ್ಟರೆ ಉಳಿಯುವುದು ಸಮತಟ್ಟಾದ ಬಣ್ಣ ಮತ್ತು ದೊಡ್ಡ ಹೊಳಪಿನ ತೇಪೆಗಳು. ಗ್ರಾಹಕರು ಮತ್ತೆ ಮತ್ತೆ ಬಳಸುವ ‘ಪ್ಲಾಸ್ಟಿಕ್ ಗೊಂಬೆ’ ಎಂಬ ಮಾತು ಬೈಗುಳದಂತೆ ಕೇಳಿಸಿದರೂ ಅದು ನಿಖರವಾದ ವರ್ಣನೆ. ಪ್ಲಾಸ್ಟಿಕ್ ಮೇಲ್ಮೈ ಬೆಳಕನ್ನು ಪ್ರತಿಫಲಿಸುವುದು ಹೆಚ್ಚುಕಡಿಮೆ ಹಾಗೆಯೇ.

ನುರಿತ ರೀಟಚರ್ ಇದನ್ನೆಲ್ಲ ಚೆನ್ನಾಗಿ ಬಲ್ಲ. ಚಿತ್ರಗಳನ್ನು ತಿದ್ದುವ ಫೋಟೋಶಾಪ್ ತಂತ್ರಾಂಶ 1990ರಲ್ಲಿ ಬಂತು. ಅದರ ಏಳನೆಯ ಆವೃತ್ತಿಯೊಡನೆ 2002ರಲ್ಲಿ ಹೀಲಿಂಗ್ ಬ್ರಷ್ ಎಂಬ ಸಾಧನ ಬಂದಾಗ, ಮೊಡವೆಯೊಂದನ್ನು ಸುತ್ತಲಿನ ಚರ್ಮದ ಬಣ್ಣಕ್ಕೂ ಬೆಳಕಿಗೂ ಹೊಂದುವಂತೆ ತೆಗೆಯುವುದು ಸುಲಭವಾಯಿತು. ಅನಂತರ ಫ್ರೀಕ್ವೆನ್ಸಿ ಸೆಪರೇಶನ್ ಎಂಬ ವಿಧಾನ ಬಳಕೆಗೆ ಬಂತು. ಅದರಲ್ಲಿ ಚಿತ್ರವನ್ನು ಎರಡು ಪದರಗಳಾಗಿ ಬಿಡಿಸುತ್ತಾರೆ: ಬಣ್ಣ ಮತ್ತು ನೆರಳುಬೆಳಕಿನ ನಿಧಾನದ ಏರಿಳಿತ ಒಂದು ಪದರದಲ್ಲಿ, ಚರ್ಮದ ಸೂಕ್ಷ್ಮ ರಚನೆ ಇನ್ನೊಂದರಲ್ಲಿ. ರಚನೆಯ ಪದರವನ್ನು ಮುಟ್ಟದೆ ಬಣ್ಣದ ಪದರವನ್ನಷ್ಟೇ ತಿದ್ದುವುದು ಈ ವಿಧಾನದ ಉದ್ದೇಶ. ಡಾಡ್ಜ್ ಅಂಡ್ ಬರ್ನ್ ಎಂಬ ಹಳೆಯ ಕ್ರಮದಲ್ಲಾದರೋ ಅಲ್ಲಲ್ಲಿ ಸ್ವಲ್ಪ ಬೆಳಗಿಸಿ, ಅಲ್ಲಲ್ಲಿ ಸ್ವಲ್ಪ ಮಂಕಾಗಿಸಿ ಏರುತಗ್ಗುಗಳನ್ನು ಹದಗೊಳಿಸುತ್ತಾರೆ. ಚರ್ಮದ ರಚನೆ ಅದರಲ್ಲಿ ಹಾಗೆಯೇ ಉಳಿಯುತ್ತದೆ. ಆದರೆ ಇಂಥ ಕೆಲಸಕ್ಕೆ ಒಂದೊಂದು ಚಿತ್ರಕ್ಕೂ ಬಹಳ ಹೊತ್ತು ಬೇಕು. ಪತ್ರಿಕೆಯ ಮುಖಪುಟಕ್ಕಾಗಿ ಒಂದೇ ಚಿತ್ರವನ್ನು ಗಂಟೆಗಟ್ಟಲೆ ತಿದ್ದುವವರು ಇದ್ದಾರೆ. ಚಂದಾ ತಾಣವೊಂದರಲ್ಲಿ ಒಬ್ಬ ರೂಪದರ್ಶಿಯ ಒಂದು ಸರಣಿಯಲ್ಲೇ ಹತ್ತಾರು ಚಿತ್ರಗಳಿರುತ್ತವೆ, ಹೊಸ ಸರಣಿಗಳು ತಪ್ಪದೆ ಬರುತ್ತಿರಬೇಕು. ಆದ್ದರಿಂದ ಇಡೀ ಸರಣಿಗೆ ಒಂದೇ ಲೆಕ್ಕದಲ್ಲಿ ನುಣುಪು ಬಳಿಯುವ ಸಿದ್ಧ ಫಿಲ್ಟರುಗಳನ್ನು ಓಡಿಸುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯ ಸಾಧನಗಳು ಮುಖವನ್ನೂ ಮೈಯನ್ನೂ ತಾವೇ ಗುರುತಿಸಿ ಚರ್ಮವನ್ನು ನಯಗೊಳಿಸುತ್ತವೆ. ಫೋಟೋಶಾಪ್‌ನಲ್ಲಿಯೇ 2020ರಿಂದ ನ್ಯೂರಲ್ ಫಿಲ್ಟರುಗಳೊಡನೆ ಅಂಥ ಸೌಲಭ್ಯ ಬಂದಿದೆ. ಸಾಧನದ ತಪ್ಪೇನೂ ಇದರಲ್ಲಿಲ್ಲ. ಪ್ರಮಾಣವನ್ನು ಕಡಿಮೆಯಿಟ್ಟು, ಒಂದೊಂದು ಚಿತ್ರವನ್ನೂ ಕಣ್ಣಿಟ್ಟು ನೋಡಿ, ಬೇಡದ ಕಡೆ ತೆಗೆಯುವ ತಾಳ್ಮೆ ಇದ್ದರೆ ಅದೇ ಸಾಧನದಿಂದ ಒಳ್ಳೆಯ ಫಲ ಬರುತ್ತದೆ. ಈ ತಾಣದ ಚಿತ್ರಗಳಲ್ಲಿ ಆ ತಾಳ್ಮೆಯ ಗುರುತು ಎಲ್ಲಿಯೂ ಕಾಣುವುದಿಲ್ಲ.

ಹಾಗೆ ಖಚಿತವಾಗಿ ಹೇಳಲು ಕಾರಣವಿದೆ. ಒಂದೇ ಸರಣಿಯ ಅಕ್ಕಪಕ್ಕದ ಎರಡು ಚಿತ್ರಗಳನ್ನು ಹೋಲಿಸಿದರೆ, ಒಂದರಲ್ಲಿ ಎಡ ಸೊಂಟದ ಮೇಲಿರುವ ಮಚ್ಚೆ ಮುಂದಿನದರಲ್ಲಿ ಇಲ್ಲ, ಅದರ ಮುಂದಿನದರಲ್ಲಿ ಮತ್ತೆ ಇದೆ. ಒಂದು ಸರಣಿಯಲ್ಲಿ ರೂಪದರ್ಶಿಯ ಹೊಟ್ಟೆಯ ಮೇಲೆ ಹಳೆಯ ಶಸ್ತ್ರಚಿಕಿತ್ಸೆಯ ಸಣ್ಣ ಗುರುತು ಮುಕ್ಕಾಲು ಪಾಲು ಚಿತ್ರಗಳಲ್ಲಿ ಅಳಿದುಹೋಗಿದೆ; ಅಳಿಸಿದ ಜಾಗದಲ್ಲಿ ಪಕ್ಕದ ಚರ್ಮದ ನಕಲು ಕೂತು, ಅದೇ ಬೆಳಕಿನ ಕಲೆ ಒಂದು ಅಂಗುಲದ ಅಂತರದಲ್ಲಿ ಎರಡು ಸಲ ಕಾಣುತ್ತದೆ. ಆಕಾರವನ್ನೇ ಎಳೆದು ತಳ್ಳಿ ಬದಲಿಸುವ ಲಿಕ್ವಿಫೈ ಎಂಬ ಸಾಧನದ ಬಳಕೆಯಂತೂ ಅಡಗುವುದೇ ಇಲ್ಲ. ಸೊಂಟವನ್ನು ಒಳಕ್ಕೆ ತಳ್ಳಿದಾಗ ಅದರ ಹಿಂದಿನ ಬಾಗಿಲ ಚೌಕಟ್ಟೂ ಒಳಕ್ಕೆ ಬಾಗಿದೆ. ತೊಡೆಯನ್ನು ತೆಳ್ಳಗೆ ಮಾಡಿದಾಗ ನೆಲದ ಟೈಲ್ಸಿನ ನೇರ ಗೆರೆ ಆ ಜಾಗದಲ್ಲಿ ಮಾತ್ರ ಅಲೆಯಂತೆ ಸೊಟ್ಟಗಾಗಿದೆ. ಇವು ಹುಡುಕಿ ಹುಡುಕಿ ಹಿಡಿದ ತಪ್ಪುಗಳಲ್ಲ. ಪರದೆಯ ತುಂಬ ಚಿತ್ರವನ್ನು ತೆರೆದವರ ಕಣ್ಣಿಗೆ ತಾವಾಗಿಯೇ ಬೀಳುವಂಥವು, ಹಣ ಪಡೆದು ಕೊಡುವ ಸರಕಿನಲ್ಲಿ ಬಿಡುಗಡೆಗೆ ಮುನ್ನ ಯಾರಾದರೂ ಒಬ್ಬರು ನೋಡಿದ್ದರೆ ತಪ್ಪಿಸಬಹುದಾಗಿದ್ದಂಥವು.

ಅದೇ ದಿನ, ಅದೇ ಕೋಣೆಯಲ್ಲಿ, ಅದೇ ರೂಪದರ್ಶಿಯೊಡನೆ ತೆಗೆದ ವಿಡಿಯೊ ಪಕ್ಕದ ಕೊಂಡಿಯಲ್ಲೇ ಇರುತ್ತದೆ. ವಿಡಿಯೊದಲ್ಲಿ ಸೆಕೆಂಡಿಗೆ ಇಪ್ಪತ್ತನಾಲ್ಕೋ ಮೂವತ್ತೋ ಚೌಕಟ್ಟುಗಳು ಓಡುವುದರಿಂದ ಪ್ರತಿಯೊಂದನ್ನೂ ತಿದ್ದುವುದು ದುಬಾರಿಯ ಕೆಲಸ. ಹಾಗಾಗಿ ಅಲ್ಲಿ ಬಣ್ಣವನ್ನು ಹದಗೊಳಿಸುವುದಕ್ಕಿಂತ ಹೆಚ್ಚು ಮಾಡುವುದು ಅಪರೂಪ. ಅಲ್ಲಿ ಅವಳು ನಕ್ಕಾಗ ಕಣ್ಣಿನ ಅಂಚಿನಲ್ಲಿ ಗೆರೆಗಳು ಬೀಳುತ್ತವೆ, ಭುಜದ ಮೇಲೆ ಬಿಸಿಲಿಗೆ ಮೂಡಿದ ಚುಕ್ಕೆಗಳು ಕಾಣುತ್ತವೆ, ಬಟ್ಟೆಯ ಪಟ್ಟಿ ಒತ್ತಿದ ಗುರುತು ಬೆನ್ನಿನ ಮೇಲೆ ಇನ್ನೂ ಕೆಂಪಗಿರುತ್ತದೆ. ನೋಡುವವರಿಗೆ ಅವಳು ಅಲ್ಲಿ ಚೆಲುವೆಯಾಗಿಯೇ ಕಾಣುತ್ತಾಳೆ. ಪಕ್ಕದ ಫೋಟೋ ಸರಣಿಯಲ್ಲಿ ಆ ಚುಕ್ಕೆ, ಗೆರೆ, ಗುರುತುಗಳೊಡನೆ ಅವಳೂ ಅರ್ಧ ಹೋಗಿಬಿಟ್ಟಿರುತ್ತಾಳೆ.

ರೆಸಲ್ಯೂಷನ್ನಿನ ಭರವಸೆಗೂ ಇದಕ್ಕೂ ಇರುವ ಸಂಬಂಧವನ್ನು ತಾಣ ನಡೆಸುವವರು ಗಮನಿಸಿದಂತಿಲ್ಲ. 4ಕೆ ವಿಡಿಯೊದ ಒಂದು ಚೌಕಟ್ಟು ಅಗಲಕ್ಕೆ 3840, ಎತ್ತರಕ್ಕೆ 2160 ಪಿಕ್ಸೆಲ್ ಇರುತ್ತದೆ. ಒಟ್ಟು ಸುಮಾರು 83 ಲಕ್ಷ. ಇಪ್ಪತ್ತನಾಲ್ಕು ಮೆಗಾಪಿಕ್ಸೆಲ್ ಕ್ಯಾಮೆರಾದ ಸ್ಥಿರಚಿತ್ರದಲ್ಲಿ ಸುಮಾರು 6000 ಮತ್ತು 4000 ಪಿಕ್ಸೆಲ್‌ಗಳ ಲೆಕ್ಕದಲ್ಲಿ 2.4 ಕೋಟಿ ಇರುತ್ತವೆ. ಸುಮಾರು ಮೂರು ಪಟ್ಟು ಪಿಕ್ಸೆಲ್ ಇರುವ ಫೋಟೋದಲ್ಲಿ ಸುಮಾರು ಮೂರು ಪಟ್ಟು ವಿವರ ಇರಬೇಕಿತ್ತು. ಇಲ್ಲಿ ವಿಡಿಯೊವನ್ನು ನಿಲ್ಲಿಸಿ ನೋಡಿದರೆ ಕಾಣುವ ಚರ್ಮದ ವಿವರ ಫೋಟೋದಲ್ಲಿ ಕಾಣುವುದಿಲ್ಲ. ಅಂದರೆ ಗ್ರಾಹಕರು ದೊಡ್ಡ ಕಡತವನ್ನು ಇಳಿಸಿಕೊಳ್ಳಲು ಸಮಯವನ್ನೂ ಜಾಗವನ್ನೂ ಕೊಟ್ಟು ಪಡೆಯುವುದು ಖಾಲಿ ಪಿಕ್ಸೆಲ್‌ಗಳನ್ನು. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಜೆಪೆಗ್ ವಿಧಾನದಲ್ಲಿ ಚಿತ್ರವನ್ನು ಎಂಟು ಪಿಕ್ಸೆಲ್ ಅಗಲ ಎಂಟು ಪಿಕ್ಸೆಲ್ ಎತ್ತರದ ಚೌಕಗಳಾಗಿ ಒಡೆದು ಕುಗ್ಗಿಸುತ್ತಾರೆ. ಚೌಕದೊಳಗೆ ಏರಿಳಿತ ಹೆಚ್ಚಿದ್ದರೆ ಹೆಚ್ಚು ಜಾಗ ಬೇಕು, ಸಮತಟ್ಟಾಗಿದ್ದರೆ ಸ್ವಲ್ಪವೇ ಸಾಕು. ಅದೇ ಅಳತೆ, ಅದೇ ಬಗೆಯ ದೃಶ್ಯ ಇರುವ ಹಳೆಯ ಸರಣಿಯ ಕಡತಗಳಿಗಿಂತ ಹೊಸ ಸರಣಿಯ ಕಡತಗಳು ಗಮನಕ್ಕೆ ಬರುವಷ್ಟು ಚಿಕ್ಕವಾಗಿದ್ದರೆ, ಕುಗ್ಗಿಸುವ ಮಟ್ಟವನ್ನು ಬದಲಿಸದಿರುವ ಪಕ್ಷದಲ್ಲಿ, ಒಳಗಿನ ವಿವರ ಕಡಿಮೆಯಾಗಿದೆ ಎಂದೇ ಅರ್ಥ. ಈ ತಾಣದಲ್ಲಿ ಆ ವ್ಯತ್ಯಾಸ ಸ್ಪಷ್ಟವಾಗಿ ಇದೆ.

ಚಿತ್ರದ ಸೂಕ್ಷ್ಮ ವಿವರಕ್ಕೂ ವಯಸ್ಕರ ಪ್ರಕಟಣೆಗೂ ಇರುವ ನಂಟಿನ ಒಂದು ಸಂಗತಿಯನ್ನು ಇಲ್ಲಿ ನೆನೆಯಬಹುದು. ಚಿತ್ರಸಂಸ್ಕರಣೆಯ ಸಂಶೋಧಕರು ದಶಕಗಳ ಕಾಲ ತಮ್ಮ ಸೂತ್ರಗಳನ್ನು ಪರೀಕ್ಷಿಸಲು ಬಳಸಿದ ‘ಲೆನಾ’ ಎಂಬ ಚಿತ್ರವು ಪ್ಲೇಬಾಯ್ ಪತ್ರಿಕೆಯ 1972ರ ನವೆಂಬರ್ ಸಂಚಿಕೆಯ ಪುಟವೊಂದರಿಂದ ಸ್ಕ್ಯಾನ್ ಮಾಡಿದ ಮುಖ ಮತ್ತು ಭುಜದ ಭಾಗ. ಅಂಥ ಮೂಲದ ಚಿತ್ರವನ್ನು ವಿಜ್ಞಾನದ ಲೇಖನಗಳಲ್ಲಿ ಬಳಸುವುದು ಸರಿಯಲ್ಲವೆಂಬ ನ್ಯಾಯವಾದ ಆಕ್ಷೇಪಗಳು ಬಂದು, ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘವಾದ ಐಇಇಇಯ ಕಂಪ್ಯೂಟರ್ ಸೊಸೈಟಿ 2024ರ ಏಪ್ರಿಲ್‌ನಿಂದ ಅದನ್ನು ಬಳಸಿದ ಲೇಖನಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿತು. ಅದೇನೇ ಇರಲಿ, ಆ ಚಿತ್ರ ಪರೀಕ್ಷೆಗೆ ಒದಗಿದ್ದು ಅದರಲ್ಲಿ ಟೋಪಿಯ ಗರಿಗಳ ಸೂಕ್ಷ್ಮ ಎಳೆಗಳು, ಚರ್ಮದ ಮೃದುವಾದ ಏರಿಳಿತ, ನೆರಳು, ಸಮತಟ್ಟು ಭಾಗ ಎಲ್ಲವೂ ಒಟ್ಟಿಗೆ ಇದ್ದುದರಿಂದ. ಬಣ್ಣ ಸಿಂಪಡಿಸಿ ಚಿತ್ರ ತಿದ್ದುವ ಏರ್‌ಬ್ರಷ್‌ನ ಬಳಕೆಗೆ ಹೆಸರಾಗಿದ್ದ ಆ ಕಾಲದ ಅಚ್ಚಿನ ಪತ್ರಿಕೆಯ ಪುಟಕ್ಕಿಂತ ಇಂದಿನ ಕೋಟಿಗಟ್ಟಲೆ ಪಿಕ್ಸೆಲ್‌ಗಳ ಕಡತವೊಂದು ಚರ್ಮದ ವಿಷಯದಲ್ಲಿ ಬಡವಾಗಿರುವುದು ಬೇಸರದ ಸಂಗತಿ. ಅಚ್ಚಿನ ಪುಟವನ್ನು ಹಿಗ್ಗಿಸಿ ನೋಡಲು ಓದುಗರಿಗೆ ದಾರಿ ಇರಲಿಲ್ಲ. ಇಂದು ಹಿಗ್ಗಿಸಿ ನೋಡಬಹುದು ಎಂಬುದನ್ನೇ ಮುಂದಿಟ್ಟು ಚಂದಾ ಕೇಳುತ್ತಾರೆ.

ನನ್ನನ್ನು ಹೆಚ್ಚು ನೋಯಿಸಿದ್ದು ಮೈಬಣ್ಣದ ವಿಷಯ. ತಾಣದಲ್ಲಿ ಬೇರೆ ಬೇರೆ ಜನಾಂಗಗಳ, ಬೇರೆ ಬೇರೆ ಬಣ್ಣಗಳ ರೂಪದರ್ಶಿಯರಿದ್ದಾರೆ. ವಿಡಿಯೊಗಳಲ್ಲಿ ಕಡುಗಪ್ಪು, ಕಂದು, ಗೋಧಿಬಣ್ಣ, ಗುಲಾಬಿ ಛಾಯೆಯ ಬಿಳಿ ಎಲ್ಲವೂ ತಮ್ಮ ತಮ್ಮ ಹೊಳಪಿನಲ್ಲಿ ಕಾಣುತ್ತವೆ. ಫೋಟೋಗಳಲ್ಲಿ ಎಲ್ಲರೂ ಒಂದೇ ತಿಳಿ ಜೇನುಬಣ್ಣದತ್ತ ಸರಿದುಬಿಟ್ಟಿದ್ದಾರೆ. ಯಾರ ಮೈಯೂ ಎಲ್ಲ ಕಡೆ ಒಂದೇ ಬಣ್ಣದ್ದಲ್ಲ. ಮೊಣಕೈ, ಮಂಡಿ, ಕಂಕುಳು, ತೊಡೆಯ ಸಂದುಗಳಲ್ಲಿ ಬಣ್ಣ ಗಾಢವಾಗಿರುವುದು ಸಾಮಾನ್ಯ, ಕಪ್ಪು ಮತ್ತು ಕಂದು ಮೈಬಣ್ಣದವರಲ್ಲಿ ಅದು ಇನ್ನಷ್ಟು ಸ್ಪಷ್ಟ. ಆ ಗಾಢತೆಯನ್ನು ಕೊಳೆಯೆಂಬಂತೆ ಒರೆಸಿ, ಇಡೀ ಮೈಯನ್ನು ಎರಡು ಮೂರು ಮೆಟ್ಟಿಲು ತಿಳಿಗೊಳಿಸಿರುವುದನ್ನು ಯಾವ ಶೈಲಿಯ ಹೆಸರಿನಲ್ಲಿಯೂ ಒಪ್ಪಲಾಗದು. ಕಪ್ಪು ಮೈಬಣ್ಣದ ರೂಪದರ್ಶಿಯೊಬ್ಬಳ ಚಿತ್ರಕ್ಕಾಗಿಯೇ ಚಂದಾ ಕೊಟ್ಟವರಿಗೆ ಆ ಬಣ್ಣವನ್ನೇ ತೆಗೆದು ಕೊಡುವುದು ಗ್ರಾಹಕರಿಗೆ ಮಾಡುವ ವಂಚನೆಯೂ ಹೌದು, ಅವಳಿಗೆ ತೋರುವ ಅಗೌರವವೂ ಹೌದು.

ಇದರ ಇನ್ನೊಂದು ಪರಿಣಾಮವೆಂದರೆ ಎಲ್ಲರೂ ಒಂದೇ ತೆರನಾಗಿ ಕಾಣುವುದು. ಒಬ್ಬಳನ್ನು ಇನ್ನೊಬ್ಬಳಿಂದ ಬೇರ್ಪಡಿಸುವುದು ಅವಳ ಮೂಗಿನ ಚಿಕ್ಕ ತಿರುವು, ಹುಬ್ಬಿನಲ್ಲಿ ಕೂದಲು ಹುಟ್ಟದ ಒಂದು ಗೆರೆ, ಒಂದು ಹಲ್ಲು ಇನ್ನೊಂದರ ಮೇಲೆ ತುಸು ಏರಿರುವುದು, ಹೆರಿಗೆಯ ಬಳಿಕವೋ ಬೆಳೆಯುವ ವಯಸ್ಸಿನಲ್ಲೋ ಚರ್ಮ ಹಿಗ್ಗಿ ಉಳಿದ ಬಿಳಿ ಗೆರೆಗಳು. ಇವನ್ನೆಲ್ಲ ದೋಷಗಳ ಪಟ್ಟಿಗೆ ಸೇರಿಸಿ ಅಳಿಸುತ್ತ ಹೋದರೆ ಕೊನೆಗೆ ಸರಣಿಯ ಮೇಲಿನ ಹೆಸರನ್ನು ನೋಡಿಯೇ ವ್ಯಕ್ತಿಯನ್ನು ಗುರುತಿಸಬೇಕಾಗುತ್ತದೆ. ನಾನು ಅಲ್ಲಿನ ರೂಪದರ್ಶಿಯರ ಪಟ್ಟಿಯ ಪುಟವನ್ನು ತೆರೆದಾಗಲೆಲ್ಲ ಇದು ಅನುಭವಕ್ಕೆ ಬಂದಿದೆ.

ತಾಣದವರ ಸಮರ್ಥನೆಗಳನ್ನೂ ನ್ಯಾಯವಾಗಿ ನೋಡಬೇಕು. ಗ್ರಾಹಕ ಸೇವೆಗೆ ಬರೆದಾಗ ನನಗೆ ಬಂದ ಉತ್ತರದಲ್ಲಿ ಮೂರು ಮಾತುಗಳಿದ್ದವು: ಇದು ಛಾಯಾಗ್ರಾಹಕರ ಕಲಾತ್ಮಕ ಶೈಲಿ, ರೂಪದರ್ಶಿಯರೇ ಇದನ್ನು ಬಯಸುತ್ತಾರೆ, ಬಹುಪಾಲು ಸದಸ್ಯರಿಗೆ ಇದು ಇಷ್ಟ. ಮೊದಲನೆಯದನ್ನು ಒಪ್ಪುವುದು ಕಷ್ಟ. ಅದೇ ಛಾಯಾಗ್ರಾಹಕರ ಕೆಲವು ವರ್ಷಗಳ ಹಿಂದಿನ ಸರಣಿಗಳು ಅದೇ ತಾಣದ ಹಳೆಯ ಸಂಗ್ರಹದಲ್ಲಿ ಇವೆ. ಅವುಗಳಲ್ಲಿ ಚರ್ಮ ಚರ್ಮವಾಗಿಯೇ ಇದೆ, ಕಿಟಕಿಯ ಬೆಳಕು ಮೈಮೇಲೆ ಬಿದ್ದು ಬಾಹುವಿನ ನವಿರು ಕೂದಲು ಹೊಳೆಯುವುದೂ ಕಾಣುತ್ತದೆ. ಹಲವು ಛಾಯಾಗ್ರಾಹಕರ ಶೈಲಿಗಳು ಒಂದೇ ಕಾಲದಲ್ಲಿ ಒಂದೇ ದಿಕ್ಕಿಗೆ ಬದಲಾಗಿರುವುದನ್ನು ನೋಡಿದರೆ ಈ ನಿರ್ಧಾರ ಕ್ಯಾಮೆರಾ ಹಿಡಿದವರದಲ್ಲ, ಆಮೇಲೆ ಚಿತ್ರಗಳನ್ನು ಸಿದ್ಧಪಡಿಸುವ ವಿಭಾಗದ್ದು ಎಂದು ತೋರುತ್ತದೆ.

ರೂಪದರ್ಶಿಯರ ಇಚ್ಛೆಯ ಮಾತು ಇದಕ್ಕಿಂತ ಗಂಭೀರವಾದುದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ನಗ್ನವಾಗಿ ಕ್ಯಾಮೆರಾದ ಮುಂದೆ ನಿಲ್ಲುವ ವ್ಯಕ್ತಿಗೆ ತನ್ನ ಮೈಯ ಯಾವ ಗುರುತು ಲೋಕಕ್ಕೆ ಕಾಣಬೇಕು, ಯಾವುದು ಕಾಣಬಾರದು ಎಂದು ಹೇಳುವ ಹಕ್ಕು ಪೂರ್ತಿಯಾಗಿ ಇದೆ. ಹಚ್ಚೆ ಅಥವಾ ಗಾಯದ ಕಲೆಯಿಂದ ಪರಿಚಿತರು ತನ್ನನ್ನು ಗುರುತಿಸಬಾರದೆಂದು ಯಾರಾದರೂ ಬಯಸಿದರೆ ಅದನ್ನು ತೆಗೆಯಲೇಬೇಕು. ಗ್ರಾಹಕರಿಗೆ ಅದರಲ್ಲಿ ಮಾತಾಡುವ ಅಧಿಕಾರವಿಲ್ಲ. ಚಿತ್ರೀಕರಣದ ದಿನ ಎದ್ದ ಮೊಡವೆಯನ್ನೋ ಸೊಳ್ಳೆ ಕಚ್ಚಿದ ಗುರುತನ್ನೋ ತೆಗೆಯುವುದಕ್ಕೂ ಯಾರ ಆಕ್ಷೇಪವೂ ಇಲ್ಲ. ರೀಟಚಿಂಗ್ ಕಲಿಸುವವರು ಸಾಮಾನ್ಯವಾಗಿ ಹೇಳಿಕೊಡುವ ನಿಯಮವೇ ಇದು: ಕೆಲವು ದಿನಗಳಲ್ಲಿ ತಾನಾಗಿ ಹೋಗುವಂಥದನ್ನು ತೆಗೆಯಬಹುದು, ವ್ಯಕ್ತಿಯೊಡನೆ ಸದಾ ಇರುವಂಥದನ್ನು ಕೇಳದೆ ಮುಟ್ಟಬಾರದು. ಆದರೆ ರೂಪದರ್ಶಿಯ ಕೋರಿಕೆಯಂತೆ ತೆಗೆದ ಗುರುತು ಸರಣಿಯ ಎಲ್ಲ ಚಿತ್ರಗಳಿಂದಲೂ ವಿಡಿಯೊದಿಂದಲೂ ಮರೆಯಾಗಿರಬೇಕಿತ್ತು. ಇಲ್ಲಿ ಒಂದು ಚಿತ್ರದಲ್ಲಿ ಹೋಗಿ ಮುಂದಿನದರಲ್ಲಿ ಬರುತ್ತದೆ, ವಿಡಿಯೊದಲ್ಲಂತೂ ಉದ್ದಕ್ಕೂ ಇದೆ. ಆಕೆ ಕೇಳಿದ್ದರಿಂದ ಮಾಡಿದ್ದೆಂದು ನಂಬಲು ಇದು ಬಿಡುವುದಿಲ್ಲ. ಅಂಗಾಲಿನ ಗೆರೆಯನ್ನೂ ಗೆಣ್ಣಿನ ಸುಕ್ಕನ್ನೂ ತೆಗೆಯಿರೆಂದು ಎಲ್ಲ ರೂಪದರ್ಶಿಯರೂ ಒಟ್ಟಾಗಿ ಕೇಳಿಕೊಂಡರೆಂಬುದೂ ನಂಬುವ ಮಾತಲ್ಲ.

ಬಹುಪಾಲು ಸದಸ್ಯರಿಗೆ ಇಷ್ಟವೆಂಬ ಮೂರನೆಯ ಮಾತನ್ನು ಸಾಬೀತು ಮಾಡುವ ಯಾವುದನ್ನೂ ತಾಣ ಮುಂದಿಟ್ಟಿಲ್ಲ. ಪುಟಗಳಲ್ಲಿ ಸದಸ್ಯರ ಅಭಿಪ್ರಾಯಕ್ಕೆ ಇದ್ದ ಜಾಗದಲ್ಲಿ ರೀಟಚಿಂಗ್ ಬಗೆಗಿನ ದೂರುಗಳು ಹೆಚ್ಚಿದ ಮೇಲೆ ಹೊಸ ಸರಣಿಗಳಿಗೆ ಆ ಜಾಗವನ್ನೇ ಮುಚ್ಚಿದ್ದಾರೆ. ಇಷ್ಟಪಡುವವರೇ ಹೆಚ್ಚಿದ್ದರೆ ಹಾಗೆ ಮಾಡಬೇಕಾಗಿರಲಿಲ್ಲ.

ಮೈಯ ಚಿತ್ರವನ್ನು ತಿದ್ದಿದರೆ ಹಾಗೆಂದು ಹೇಳಬೇಕೆಂಬ ಮಾತು ಈಗ ಹಲವೆಡೆ ಕಾನೂನಾಗಿದೆ. ಇಸ್ರೇಲ್ 2012ರಲ್ಲಿ ಅಂಗೀಕರಿಸಿದ ಕಾನೂನು ಮೈಯನ್ನು ತೆಳ್ಳಗೆ ತೋರುವಂತೆ ತಿದ್ದಿದ ಜಾಹೀರಾತು ಚಿತ್ರಗಳ ಮೇಲೆ ಸೂಚನೆ ಇರಬೇಕೆನ್ನುತ್ತದೆ. ಫ್ರಾನ್ಸಿನಲ್ಲಿ 2017ರ ಅಕ್ಟೋಬರ್‌ನಿಂದ ರೂಪದರ್ಶಿಯ ಮೈಯಾಕಾರವನ್ನು ತಿದ್ದಿದ ವಾಣಿಜ್ಯ ಚಿತ್ರಗಳ ಮೇಲೆ ‘ತಿದ್ದಿದ ಛಾಯಾಚಿತ್ರ’ ಎಂದು ನಮೂದಿಸಬೇಕು. ತಪ್ಪಿದರೆ 37,500 ಯೂರೋಗಳ ದಂಡವಿದೆ. ನಾರ್ವೆಯಲ್ಲಿ ಇಂಥದೇ ನಿಯಮ 2022ರ ಜುಲೈನಲ್ಲಿ ಜಾರಿಗೆ ಬಂತು. ಅದು ಮೈಯ ಆಕಾರ, ಗಾತ್ರ, ಚರ್ಮ ಮೂರನ್ನೂ ಒಳಗೊಳ್ಳುತ್ತದೆ. ಚಿತ್ರಗಳನ್ನು ಮಾರುವ ಗೆಟ್ಟಿ ಇಮೇಜಸ್ ಸಂಸ್ಥೆಯು 2017ರಿಂದ ರೂಪದರ್ಶಿಯರನ್ನು ತೆಳ್ಳಗೋ ದಪ್ಪಗೋ ಕಾಣುವಂತೆ ತಿದ್ದಿದ ಚಿತ್ರಗಳನ್ನು ತನ್ನ ಸೃಜನಾತ್ಮಕ ವಿಭಾಗಕ್ಕೆ ಸ್ವೀಕರಿಸುವುದನ್ನು ಬಿಟ್ಟಿತು. ಈ ಕಾನೂನುಗಳ ಗಮನವೆಲ್ಲ ಜಾಹೀರಾತಿನ ಮೇಲೆ. ಜಾಹೀರಾತಿನಲ್ಲಿ ಚಿತ್ರವು ಬೇರೊಂದು ಸರಕನ್ನು ಮಾರಲು ಬರುತ್ತದೆ. ಚಂದಾ ತಾಣದಲ್ಲಿ ಚಿತ್ರವೇ ಸರಕು. ಸೋಪಿನ ಜಾಹೀರಾತಿನಲ್ಲಿ ತಿದ್ದಿದ ಮುಖ ಕಂಡರೆ ಕೊಂಡವರಿಗೆ ಸೋಪಾದರೂ ಕೈಗೆ ಬರುತ್ತದೆ. ಇಲ್ಲಿ ಕೈಗೆ ಬರಬೇಕಾದದ್ದೇ ತಿದ್ದಿಹೋಗಿದೆ, ಆದ್ದರಿಂದ ತಿಳಿಸುವ ಹೊಣೆ ಇಲ್ಲಿ ಹೆಚ್ಚಾಗಿರಬೇಕು. ‘ಸಹಜ’ ಎಂಬ ಪದವನ್ನು ಪರಿಚಯ ಪುಟದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿರುವ ತಾಣಕ್ಕಂತೂ ಈ ಹೊಣೆಯಿಂದ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.

ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 2011ರಲ್ಲಿಯೇ, ಜಾಹೀರಾತುಗಳಲ್ಲಿ ಮೈಯನ್ನು ಅಸಾಧ್ಯವೆನ್ನುವಷ್ಟು ತಿದ್ದಿ ತೋರಿಸುವುದರಿಂದ, ವಿಶೇಷವಾಗಿ ಎಳೆಯರಲ್ಲಿ, ತಮ್ಮ ಮೈಯ ಬಗ್ಗೆ ತಪ್ಪು ನಿರೀಕ್ಷೆಗಳು ಬೆಳೆಯುತ್ತವೆಂದು ಎಚ್ಚರಿಸಿತ್ತು. ವಯಸ್ಕರ ತಾಣದ ಚಿತ್ರಗಳನ್ನು ನೋಡುವವರು ವಯಸ್ಕರೇ ಆದರೂ, ಬಟ್ಟೆಯಿಲ್ಲದ ಮೈ ಹೇಗಿರುತ್ತದೆ ಎಂಬ ಕಲ್ಪನೆ ಹಲವರಿಗೆ ಬರುವುದು ಇಂಥ ಚಿತ್ರಗಳಿಂದಲೇ. ಇದಕ್ಕಿಂತ ನೇರವಾದ ಕೇಡು ರೂಪದರ್ಶಿಯರಿಗೆ ಆಗುತ್ತದೆ. ಫೋಟೋದಲ್ಲಿ ಅಳಿಸಿದ್ದು ವಿಡಿಯೊದಲ್ಲಿ ಕಂಡಾಗ, ಫೋಟೋ ತಿದ್ದಿದವರನ್ನು ಕೇಳುವ ಬದಲು ಅವಳ ಮೈಯನ್ನೇ ಹೀಗಳೆಯುವ ಮಾತುಗಳನ್ನು ನಾನು ಸದಸ್ಯರ ಅಭಿಪ್ರಾಯಗಳಲ್ಲಿ ಓದಿದ್ದೇನೆ. ಯಾವ ತಪ್ಪನ್ನೂ ಮಾಡದವಳು ಆ ಮಾತುಗಳನ್ನು ಹೊರಬೇಕಾಗಿ ಬರುವುದು ಅನ್ಯಾಯ.

ಗ್ರಾಹಕರು ಕೇಳುತ್ತಿರುವುದು ದೊಡ್ಡದೇನಲ್ಲ, ತಾಂತ್ರಿಕವಾಗಿ ಕಷ್ಟದ್ದೂ ಅಲ್ಲ. ಹೊಳಪು ಬಳಿದ ಸರಣಿಯನ್ನು ಬಯಸುವವರಿಗೆ ಅದನ್ನೇ ಕೊಡಲಿ. ಅದರ ಪಕ್ಕದಲ್ಲಿ, ಬಣ್ಣ ಮತ್ತು ಬೆಳಕನ್ನಷ್ಟೇ ಹದಗೊಳಿಸಿದ, ರೂಪದರ್ಶಿ ತೆಗೆಯಿರೆಂದು ಕೇಳಿದ ಗುರುತುಗಳನ್ನು ಬಿಟ್ಟು ಬೇರೇನನ್ನೂ ಅಳಿಸದ ಇನ್ನೊಂದು ಸರಣಿಯನ್ನೂ ಇಳಿಸಿಕೊಳ್ಳಲು ಇಡಲಿ. ಚಿತ್ರಗಳು ಸಂಪಾದಕರ ಬಳಿ ಹೇಗೂ ಆ ಹಂತವನ್ನು ದಾಟಿಯೇ ಬರುತ್ತವೆ. ಆ ಹಂತದಲ್ಲಿ ಒಂದು ಪ್ರತಿಯನ್ನು ಉಳಿಸಿಕೊಂಡರೆ ಸಾಕು, ಅದಕ್ಕೆ ಹೆಚ್ಚಿನ ದುಡಿಮೆ ಬೇಕಿಲ್ಲ. ಆಕಾರವನ್ನು ಬದಲಿಸಿದ ಚಿತ್ರವಿದ್ದರೆ ಆ ಸರಣಿಯ ಪುಟದಲ್ಲಿ ಹಾಗೆಂದು ಬರೆಯಲಿ. ಮೈಬಣ್ಣವನ್ನು ತಿಳಿಗೊಳಿಸುವುದನ್ನು ಮಾತ್ರ ಯಾವ ಪ್ರತಿಯಲ್ಲಿಯೂ ಮಾಡದೆ ಪೂರ್ತಿಯಾಗಿ ಬಿಡಲಿ.

ಉಳಿದ ಸೌಲಭ್ಯಗಳ ಬಗ್ಗೆ ಹೇಳುವುದು ಸ್ವಲ್ಪವೇ. ಹುಡುಕುವ ವ್ಯವಸ್ಥೆ ಚೆನ್ನಾಗಿದೆ, ಕಡತಗಳು ಬೇಗ ಇಳಿಯುತ್ತವೆ, ಚಂದಾ ನಿಲ್ಲಿಸುವ ಕೊಂಡಿಯನ್ನು ಮುಚ್ಚಿಟ್ಟಿಲ್ಲ, ಹಣದ ವಿಷಯದಲ್ಲಿ ಯಾವ ತೊಡಕೂ ಬರಲಿಲ್ಲ.

ಇಂಥ ಯಾವುದೇ ತಾಣಕ್ಕೆ ಸೇರುವ ಮೊದಲು ಉಚಿತವಾಗಿ ಸಿಗುವ ಮಾದರಿ ಚಿತ್ರವನ್ನು ಆದಷ್ಟು ದೊಡ್ಡ ಅಳತೆಯಲ್ಲಿ ತೆರೆದು ನೋಡುವುದು ಒಳ್ಳೆಯದು. ಮುಖವನ್ನು ನೋಡಿ ತೀರ್ಮಾನಿಸಬಾರದು, ಏಕೆಂದರೆ ಮೇಕಪ್ ಕೂಡ ಮುಖವನ್ನು ನುಣ್ಣಗೆ ತೋರಿಸುತ್ತದೆ. ಮೇಕಪ್ ಸಾಮಾನ್ಯವಾಗಿ ತಲುಪದ ಬೆರಳ ಗೆಣ್ಣು, ಮೊಣಕೈ, ಮಂಡಿ, ಅಂಗಾಲುಗಳನ್ನು ನೋಡಬೇಕು. ಕೂದಲು ಹಣೆಯನ್ನು ಸೇರುವಲ್ಲಿ ಮಂಜಿನಂಥ ಅಂಚು ಇದೆಯೇ, ಕಣ್ಣಿನ ಬಿಳಿಭಾಗದಲ್ಲಿ ರಕ್ತನಾಳದ ಒಂದೆಳೆಯೂ ಇಲ್ಲದೆ ಕಾಗದದಂತೆ ಬೆಳ್ಳಗಿದೆಯೇ, ಮೈಯ ಪಕ್ಕದಲ್ಲಿ ಹಾದುಹೋಗುವ ಬಾಗಿಲು, ಗೋಡೆ, ಕಟಕಟೆಯ ಗೆರೆಗಳು ನೇರವಾಗಿವೆಯೇ ಎಂದು ಗಮನಿಸಬೇಕು. ವಿಡಿಯೊದ ತುಣುಕೂ ಉಚಿತವಾಗಿ ಇದ್ದರೆ ಅದನ್ನು ಒಂದೆಡೆ ನಿಲ್ಲಿಸಿ, ಅದೇ ವ್ಯಕ್ತಿಯ ಫೋಟೋದ ಪಕ್ಕದಲ್ಲಿ ಇಟ್ಟು ನೋಡಿದರೆ ಬೇರೆ ಯಾವ ಪರೀಕ್ಷೆಯೂ ಬೇಕಾಗುವುದಿಲ್ಲ. ಮಾದರಿ ಚಿತ್ರ ಯಾವ ವರ್ಷದ್ದೆಂದೂ ನೋಡಿಕೊಳ್ಳಬೇಕು. ಈ ತಾಣದ ಪರಿಚಯ ಪುಟದಲ್ಲಿ ಈಗಲೂ ಇರುವ ಒಳ್ಳೆಯ ಚಿತ್ರಗಳೆಲ್ಲ ಹಳೆಯ ಸಂಗ್ರಹದವು, ಒಳಗೆ ಹೋದ ಮೇಲೆ ಸಿಗುವ ಹೊಸ ಚಿತ್ರಗಳು ಹಾಗಿಲ್ಲ.

ವಿಡಿಯೊಗಾಗಿ ಸೇರುವವರು ಧೈರ್ಯವಾಗಿ ಸೇರಬಹುದು. ಫೋಟೋಗಳಿಗಾಗಿಯೇ ಸೇರುವವರು ಒಂದು ತಿಂಗಳ ಚಂದಾ ಮಾತ್ರ ಕೊಟ್ಟು, ಹಳೆಯ ಸರಣಿಗಳನ್ನು ನೋಡಿ ಮುಗಿಸಿ, ನಿಲ್ಲಿಸುವುದು ಸರಿಯೆಂದು ನನ್ನ ಅಭಿಪ್ರಾಯ. ನಿಲ್ಲಿಸುವಾಗ ಕಾರಣ ಕೇಳುವ ಒಂದು ಚೌಕ ಬರುತ್ತದೆ. ಅಲ್ಲಿ ಸಿದ್ಧ ಉತ್ತರಗಳಲ್ಲಿ ಒಂದನ್ನು ಆರಿಸಿ ಮುಂದೆ ಹೋಗದೆ, ಯಾವ ಸರಣಿಯ ಯಾವ ಚಿತ್ರದಲ್ಲಿ ಏನು ಅಳಿಸಿಹೋಗಿದೆ ಎಂಬುದನ್ನು ಸಂಖ್ಯೆ ಸಹಿತ ಬರೆಯಬೇಕು. ರೂಪದರ್ಶಿಯ ಬಗ್ಗೆ ಒಂದು ಮಾತನ್ನೂ ಸೇರಿಸದೆ, ಚಿತ್ರವನ್ನು ತಿದ್ದಿದ ಕೆಲಸದ ಬಗ್ಗೆ ಮಾತ್ರ ಬರೆಯಬೇಕು. ಸದಸ್ಯರು ಮಾತಾಡುವ ಬೇರೆ ಜಾಗಗಳನ್ನು ಮುಚ್ಚಿದ ಮೇಲೆ ತಾಣದವರು ಈಗ ಓದಲೇಬೇಕಾದ ಜಾಗವಾಗಿ ಉಳಿದಿರುವುದು ಆ ಚೌಕವೊಂದೇ.